ಮುಚ್ಚುವಾಗ ಬರುವ ಉತ್ತರ

ಸೇಬಿನ ಗೋದಾಮಿನ ಫ್ಯಾನು ಕೆಟ್ಟರೆ ಏನಾಗುತ್ತದೆಂದು ನೋಡಲು ತಂಗಿ ತಾನೇ ಅದರ ವೈರು ಕಿತ್ತಿದ್ದಳು. ಆದರೂ ಪ್ರೋಗ್ರಾಮು ಓಡಿಸಿದ ಕೂಡಲೇ ಪರದೆಯ ಮೇಲೆ ‘ಫ್ಯಾನ್ ಚಾಲೂ’ ಎಂದು ಬಂತು. ಕಿಟಕಿಯ ಗಾಜಿಗೆ ಟಾರ್ಚು ಹಿಡಿದಳು. ಕತ್ತಲ ಗೋದಾಮಿನೊಳಗೆ ರೆಕ್ಕೆಗಳು ಅಲುಗಾಡುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಈ ಎರಡು ಪದಗಳನ್ನು ನಂಬಿ ಒಳಗೆ ಹೋದ ಅಣ್ಣ ಹೆಣವಾಗಿ ಹೊರಬಂದಿದ್ದ. ಸೇಬು ಕೆಡದಿರಲೆಂದು ಆಮ್ಲಜನಕ ತೆಗೆದಿಟ್ಟ ಗೋದಾಮು ಅದು. ಫ್ಯಾನು ಹೊರಗಾಳಿ ತುಂಬಿದ ಮೇಲಷ್ಟೇ ಕಾಲಿಡಬೇಕು. ಫ್ಯಾನನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಡ್ರೈವರ್, ಬರೆದವನು ಅವನೇ. ಅದು ಲೋಡ್ ಆದಾಗ ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಒಂದು ಫೈಲನ್ನು ಹುಟ್ಟಿಸುತ್ತಿತ್ತು. ಡಿಸ್ಕಿನಲ್ಲೆಲ್ಲೂ ಇಲ್ಲದ, ಕರೆಂಟು ಹೋದರೆ ಮಾಯವಾಗುವ ಫೈಲು. ಅದಕ್ಕೆ ‘1’ ಬರೆದರೆ ಫ್ಯಾನು ತಿರುಗಬೇಕು. ಹಾಗೆ ಬರೆದು ಪರದೆಯ ಮೇಲೆ ‘ಚಾಲೂ’ ಎನ್ನುವ ಸಿ ಭಾಷೆಯ ಪ್ರೋಗ್ರಾಮು ಮಾತ್ರ ತಂಗಿಯದು. ಅವನ ಡ್ರೈವರ್ ಅವನಿಗೇ ಕೈಕೊಟ್ಟಿತು ಎಂದು ಎಲ್ಲರೂ ಅಂದರು. ಅವಳೂ ಹೌದೆಂದು ತಲೆಯಾಡಿಸಿದ್ದಳು.

ಈಗ ತನ್ನ ಕೋಡನ್ನು ಸಾಲುಸಾಲಾಗಿ ನೋಡಿದಳು. ಎಫ್‌ಪ್ರಿಂಟ್‌ಎಫ್ ಎಂಬ ಆಜ್ಞೆ ಫೈಲಿಗೆ ಬರೆದದ್ದು ನೇರ ಕರ್ನಲ್‌ಗೆ ಹೋಗುವುದಿಲ್ಲ. ಪ್ರೋಗ್ರಾಮಿನ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲೇ ಕೂತಿದ್ದು, ಫೈಲು ಮುಚ್ಚುವಾಗ ಹೊರಡುತ್ತದೆ. ಡ್ರೈವರ್ ‘ಆಗದು’ ಎಂದರೆ ಆ ಉತ್ತರ ಬರುವುದೂ ಆಗಲೇ. ಅವಳೋ ಬರೆದ ಕೂಡಲೇ ‘ಚಾಲೂ’ ಎಂದು ಸಾರಿ, ಮುಚ್ಚುವಾಗ ಬಂದ ಉತ್ತರದತ್ತ ತಿರುಗಿಯೂ ನೋಡಿರಲಿಲ್ಲ.

ನಡೆದದ್ದನ್ನೆಲ್ಲ ಸಾಲುಸಾಲಾಗಿ ದಾಖಲಿಸುವ, ಕರೆಂಟು ಇರುವವರೆಗಷ್ಟೇ ಉಳಿಯುವ ಕರ್ನಲ್ ಲಾಗ್ ತೆರೆದಳು. ಅಣ್ಣ ಸತ್ತ ದಿನ ಗಾಬರಿಯಲ್ಲಿ ಯಾರೋ ಮೇನ್ ಸ್ವಿಚ್ ಇಳಿಸಿ, ಆ ದಿನದ ಲಾಗ್ ಅಳಿಸಿಹೋಗಿತ್ತು. ಇಂದು ಕೊನೆಯ ಸಾಲಿನಲ್ಲಿ ಡ್ರೈವರ್ ಅಣ್ಣನ ಮಾತನ್ನೇ ಆಡಿತ್ತು: ‘ಫ್ಯಾನ್ ತಿರುಗ್ತಿಲ್ಲ. ಒಳಗೆ ಕಾಲಿಡಬೇಡ ಮಾರಾಯ.’

ತನ್ನ ಕೋಡಿನ ಒಂದು ಸಾಲು ತಿದ್ದಿಬಿಟ್ಟರೆ ತಪ್ಪು ತನ್ನದೆಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ತಿದ್ದಲು ಬೆರಳು ಮುಂದಾಗಿಯೂ ಇತ್ತು. ಅಷ್ಟರಲ್ಲಿ ಗಂಡನ ಮೇಜು ಖಾಲಿ ಮಾಡಲು ಅತ್ತಿಗೆ ಚೀಲ ಹಿಡಿದು ಬಂದಳು.

“ಮಗಳು ಕೇಳ್ತಾಳೆ ಕಣೆ, ಅಪ್ಪಂಗೆ ಡ್ರೈವರ್ ಸರಿಯಾಗಿ ಬರೆಯೋಕೂ ಗೊತ್ತಾಗ್ಲಿಲ್ವಾ ಅಂತ. ಏನಂತ ಹೇಳ್ಲಿ?”

ತಂಗಿ ಕೀಲಿಮಣೆಯಿಂದ ಬೆರಳೆತ್ತಿ ಲಾಗಿನ ಕೊನೆಯ ಸಾಲು ತೋರಿಸಿದಳು. “ಅಣ್ಣನ ಡ್ರೈವರ್ ಸರಿಯಾಗೇ ಬೇಡ ಅಂದಿತ್ತು ಅತ್ತಿಗೆ. ಕೇಳಿಸ್ಕೊಳ್ದೆ ಚಾಲೂ ಅಂದಿದ್ದು ನನ್ನ ಪ್ರೋಗ್ರಾಮು. ತಪ್ಪು ನಂದು.”

ಅತ್ತಿಗೆ ಬಗ್ಗಿ ಆ ಸಾಲನ್ನು ತುಟಿಯಲ್ಲೇ ಓದಿಕೊಂಡಳು.

“ಇದು ಅವರೇ ಬರೆದಿದ್ದಾ?”

“ಹ್ಞೂಂ.”

“ಇನ್ನೊಂದ್ಸಲ ಓಡ್ಸು.”

ತಂಗಿ ಓಡಿಸಿದಳು. ಅದೇ ಮಾತು ಇನ್ನೊಂದು ಸಾಲಾಗಿ ಕೆಳಗೆ ಬಂತು. ಅತ್ತಿಗೆ ಕುರ್ಚಿ ಎಳೆದುಕೊಂಡು, ಪರದೆಗೆ ಮುಖ ಹತ್ತಿರ ಮಾಡಿ ಕುಳಿತಳು.

“ಇನ್ನೊಂದ್ಸಲ.”