ದಿಬ್ಬದಾಚೆಯ ಬಂದೂಕು

ಅಮೆರಿಕದ ಯೂಟಾದ ಒಣ ಬಯಲಿನಲ್ಲಿ ಜನ ಬಂದೂಕು ಹೊಡೆಯುವ ಆ ಹಳ್ಳ ಸರ್ಕಾರದ್ದು, ಅಂದರೆ ಎಲ್ಲರದ್ದು. ಎಲ್ಲರದ್ದು ಅಂದಮೇಲೆ ಕೇಳಬೇಕೆ! ಗುರಿ ಹೊಡೆಯಲು ಒಬ್ಬ ಹಳೆಯ ಟಿ.ವಿ. ಹೊತ್ತು ತರುತ್ತಾನೆ, ಇನ್ನೊಬ್ಬ ಫ್ರಿಜ್ಜನ್ನೇ ತರುತ್ತಾನೆ. ಚೂರು ಎತ್ತುವವಳು ಮಾತ್ರ ವರ್ಲಾ. ಅವಳಪ್ಪ ಅವಳ ಕೈಗೆ ಬಂದೂಕು ಕೊಟ್ಟಿದ್ದು ಅಲ್ಲೇ. ಅವಳು ಊರಿನ ಹುಡುಗಿಯರಿಗೆ ಗುರಿ ಕಲಿಸುವುದೂ ಅಲ್ಲೇ. ಅಲ್ಲಿ ಶೂಟಿಂಗ್ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಇವತ್ತು ಭೂ ಇಲಾಖೆಯ ಅಧಿಕಾರಿ ಐನೆಸ್ ಬಾಕಾ ಬರುವವಳಿದ್ದಳು.

ಬೆಳಿಗ್ಗೆಯೇ ವರ್ಲಾ ಗಂಡನಿಗೆ ಕೈ ಮುಗಿದಿದ್ದಳು. "ಥೇನ್, ಇವತ್ತೊಂದಿನ ಹಳ್ಳದ ಕಡೆ ತಲೆ ಹಾಕ್ಬೇಡ ಮಾರಾಯ. ಇಲಾಖೆಯೋರನ್ನ ಕಂಡ್ರೆ ನೀನು ಉರಿದು ಬೀಳ್ತೀಯ."

"ಆಯ್ತು ಮಾರಾಯ್ತಿ, ಹಳ್ಳಕ್ಕೆ ಕಾಲೇ ಇಡಲ್ಲ. ಸಾಕಾ?"

ಬಾಕಾ ಬಂದಳು, ಹಳ್ಳಕ್ಕಿಳಿದಳು. ಅವಳು ಇಳಿಯುವ ಮೊದಲು ವರ್ಲಾ ರೂಢಿಯಂತೆ "ಖಾಲೀ!" ಎಂದು ಕೂಗಿದಳು. ಅಲ್ಲಿ ಗುರಿ ಹೊಡೆಯುತ್ತಿದ್ದ ಇಬ್ಬರೂ "ಖಾಲಿ!" ಎಂದು ಮರುದನಿ ಕೊಟ್ಟು, ಗುಂಡು ತೆಗೆದು, ಬಂದೂಕು ಮೇಜಿನ ಮೇಲಿಟ್ಟು ಹಿಂದೆ ಸರಿದರು. ಕಾವಲಿಗೆ ಯಾರೂ ಇಲ್ಲದ ಜಾಗದಲ್ಲಿ ಆ ಒಂದು ಕೂಗೇ ಎಲ್ಲರ ಪ್ರಾಣ ಕಾಯುವುದು.

ಆ ಇಬ್ಬರೂ ಬಂದೂಕು ಎತ್ತಿಕೊಂಡು ಮನೆಗೆ ಹೊರಟರು. ಗುಂಡು ತಡೆಯುವ ದಿಬ್ಬ ನೋಡಿ, ಗುಡಿಸಿದ ನೆಲ ನೋಡಿ, ಬಾಕಾ ಮತ್ತೆ ಮೇಲೆ ನಿಲ್ಲಿಸಿದ್ದ ಗಾಡಿಗಳ ಹತ್ತಿರ ಬಂದು ನಕ್ಕಳು. "ಎಲ್ಲಾ ಕಡೆ ನಿಮ್ಮಂಥೋರಿದ್ರೆ ನಂಗೆ ಕೆಲಸಾನೇ ಇರ್ತಿರ್ಲಿಲ್ಲ ನೋಡಿ."

ವರ್ಲಾಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಬಾಕಾಳ ಪಕ್ಕದ ಗಾಡಿಯ ಗಾಜು ಫಳ್ಳೆಂದು ಒಡೆಯಿತು. ಹಿಂದೆಯೇ ದಿಬ್ಬದಾಚೆಯಿಂದ ಸದ್ದು.

"ಮಲಕ್ಕೊಳ್ಳಿ!" ವರ್ಲಾ ಅವಳನ್ನು ಕತ್ತಿನ ಪಟ್ಟಿ ಹಿಡಿದು ಚಕ್ರದ ಹಿಂದಕ್ಕೆ ಎಳೆದಳು. ಇನ್ನೊಂದು ಗುಂಡು ತಲೆಯ ಮೇಲೆ ಸುಂಯ್ ಎಂದು ಹೋಯಿತು. ಆ ಸದ್ದು ವರ್ಲಾಗೆ ಗೊತ್ತು. ಅದು ಅವಳಪ್ಪನ ಹಳೇ ಬಂದೂಕು. ಅಯ್ಯೋ ಪಾಪಿ, ಹಳ್ಳಕ್ಕೆ ಬರಬೇಡ ಅಂದರೆ ದಿಬ್ಬದಾಚೆ ಹೋಗಿ ನಿಂತಿದ್ದಾನೆ!

ಗಾಡಿಯ ಹಾರ್ನ್ ಒತ್ತಿದಳು. ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಂಡವನಿಗೆ ಏನು ಕೇಳೀತು? ಕಸ ಬಳಿಯುವ ಕುಂಟೆಗೆ ಕಿತ್ತಳೆ ಬಣ್ಣದ ಅಂಗಿ ಕಟ್ಟಿಕೊಂಡು ಹಳ್ಳಕ್ಕೆ ಧುಮುಕಿದಳು.

"ಹೋಗ್ಬೇಡಿ!" ಎಂದು ಬಾಕಾ ಕಿರುಚಿದಳು.

ವರ್ಲಾ ದಿಬ್ಬದ ನೆತ್ತಿಯವರೆಗೂ ತೆವಳಿ ಹತ್ತಿದಳು. ಕೈಗೆಟುಕುವಷ್ಟು ಹತ್ತಿರದಲ್ಲಿ, ನೆತ್ತಿಯ ಮೇಲೆ ಅವನು ಗುರಿಗೆಂದು ಇಟ್ಟಿದ್ದ ಒಂದು ಡಬ್ಬಿ ಠಣ್ಣೆಂದು ಹಾರಿಬಿತ್ತು. ಮಲಗಿದಲ್ಲಿಂದಲೇ ಕುಂಟೆ ಎತ್ತಿ ಬೀಸಿದಳು. ಬಂದೂಕು ಸುಮ್ಮನಾಯಿತು. "ಖಾಲೀ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಸ್ವಲ್ಪ ಹೊತ್ತಿನ ಮೇಲೆ, ಕೆಳಗಿನ ಬಯಲಿಂದ, ಥೇನ್‌ನ ದನಿ: "ಖಾಲಿ!"

ಅವನಿಗಾಗಿ ಕಾಯದೆ ವರ್ಲಾ ವಾಪಸು ಬಂದಳು. ಗಾಜಿನ ಚೂರು ತಗುಲಿ ಬಾಕಾಳ ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು.

"ಯಾರದು? ಯಾರೋ ದಾರಿಹೋಕರು ತಾನೆ? ಹಂಗಿದ್ರೆ ನಿಮ್ಮ ತಪ್ಪೇನಿದೆ? ಆ ಕಡೆಗೊಂದು ಎಚ್ಚರಿಕೆ ಬೋರ್ಡ್ ಹಾಕಿದ್ರೆ ಆಯ್ತು, ಹಳ್ಳ ಉಳಿಯುತ್ತೆ."

ಹೌದು ಅಂದರೆ ಮುಗಿಯಿತು. ಒಂದೇ ಮಾತು. ವರ್ಲಾ ಖಾಲಿ ಮೇಜಿನ ಕಡೆ ನೋಡಿದಳು. ಶನಿವಾರ ಹುಡುಗಿಯರು ಬರುವವರಿದ್ದರು. ಆದರೆ ಆ ರಕ್ತ ಗದ್ದಕ್ಕಿಳಿದು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನನ್ನ ಗಂಡ," ಎಂದಳು. "ಇಲ್ಲಿಯ ರೀತಿ ರಿವಾಜು ಎಲ್ಲಾ ಗೊತ್ತಿರೋನು. ಅವನೇ ಹಿಂಗೆ ಮಾಡ್ತಾನೆ ಅಂದ್ರೆ..."

ಥೇನ್ ತೂತು ಬಿದ್ದ ಡಬ್ಬಿ ಹಿಡಿದು ನಗುತ್ತಲೇ ಬಂದ. "ಹೆಂಗೆ, ಮಾತು ಉಳಿಸ್ಕೊಂಡೆ ತಾನೆ? ಹಳ್ಳಕ್ಕೆ..." ಒಡೆದ ಗಾಜು ಕಂಡಿತು, ಬಾಕಾಳ ಮುಖ ಕಂಡಿತು. ಡಬ್ಬಿ ಕೈಯಿಂದ ಬಿತ್ತು. "ದಿಬ್ಬದ ಮೇಲೆ ಪೊದೆ ಇತ್ತು. ಏನೂ ಕಾಣ್ಲಿಲ್ಲ ಕಣೇ."

"ಗುರಿಯ ಹಿಂದೆ ಏನಿದೆ ಅಂತ ಮೊದಲು ನೋಡ್ಕೊಳ್ಳಿ ಅಂತ ಚಿಕ್ಕ ಹುಡ್ಗೀರಿಗೆ ಹೇಳಿಕೊಡ್ತೀನಿ ಕಣೋ, ಚಿಕ್ಕ ಹುಡ್ಗೀರಿಗೆ!"

ಬಾಕಾ ತನ್ನ ಗಾಡಿಯಿಂದ 'ಶೂಟಿಂಗ್ ನಿಷೇಧ' ಎಂಬ ಫಲಕ ಇಳಿಸಿದಳು. ನೆಲ ಕಲ್ಲಿನಂತಿತ್ತು. ವರ್ಲಾ ಹಾರೆ ತಂದು ಗಂಡನ ಕೈಗೆ ಕೊಟ್ಟಳು.

"ಎಷ್ಟು ಆಳ?" ಎಂದ ಥೇನ್, ತಲೆ ಎತ್ತದೆ.

"ನಾನೇ ಬಂದ್ರೂ ಕೀಳೋಕಾಗಬಾರ್ದು, ಅಷ್ಟು," ಎಂದಳು ವರ್ಲಾ.