ಗೋಡೆಯ ಬಾಯಾರಿಕೆ

"ಮಗಾ, ನಿಮ್ಮ ಮಳೆ ಸುರಿಯೋ ಬ್ರಿಟನಿಯಲ್ಲಿ ದೇವರೇ ನೀರು ಹಾಕ್ತಾನೆ. ಈ ಕಡೆ ತೋಟಗಾರನೇ ಹಾಕ್ಬೇಕು. ನಿಂಗ್ಯಾರೂ ಹೇಳ್ಲಿಲ್ವಾ?"

ಮಾಂಸದಂಗಡಿಯ ಗಾಸ್ಪಾರ್ ಬಿಳಿ ವೈನಿನ ಲೋಟ ಹಿಡಿದು, ಕತ್ತೆತ್ತಿ ಕೂಗಿದ. ಮೇಲೆ, ಎತ್ತುವ ಯಂತ್ರದ ತೊಟ್ಟಿಲಲ್ಲಿ ನಿಂತು ಒಣಗಿದ ಜರಿಗಿಡ ಕೀಳುತ್ತಿದ್ದ ತೋಟಗಾರ ಲೊಯಿಕ್ ತಿರುಗಿಯೂ ನೋಡಲಿಲ್ಲ.

"ಪಾಪ, ಬಯ್ಬೇಡ ಗಾಸ್ಪಾರ್, ಹಸಿರು ಬಣ್ಣದ ಡಬ್ಬ ಮನೇಲಿ ಮರೆತು ಬಂದಿದಾನೆ ಅಷ್ಟೇ!" ಎಂದಳು ಓದೆತ್. ಎಲ್ಲರೂ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಶನಿವಾರ ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಮಾರುಕಟ್ಟೆಯವರೆಲ್ಲ ಸೇರುವುದು ಓದೆತ್‌ಳ ಹಸಿ ಸಿಂಪಿ ಬಿಡಿಸಿ ತಿನ್ನಲು ಕೊಡುವ ಮೇಜಿನ ಸುತ್ತಲೇ. ಅವಳ ಜಾಗ ಮಾರುಕಟ್ಟೆ ಕಟ್ಟಡದ ಒಳಗಲ್ಲ, ಹೊರಗೆ, ಗೋಡೆಯ ಬುಡದಲ್ಲಿ. ನೆಲದಿಂದ ಸೂರಿನವರೆಗೆ ಗಿಡ ನೆಟ್ಟ ಗೋಡೆ ಅದು. ನೆಡುವಾಗ "ಸೊಳ್ಳೆ ಬರುತ್ತೆ" ಎಂದು ಜಗಳ ತೆಗೆದಿದ್ದವಳು, ಅದು ಮೈತುಂಬಿ ನಿಂತ ಮೇಲೆ ಗಿರಾಕಿಗಳಿಗೆ "ನನ್ನ ಗೋಡೆ ನೋಡಿದ್ರಾ?" ಎನ್ನತೊಡಗಿದ್ದಳು. ಈ ಬೇಸಿಗೆಯಲ್ಲಿ ಅದಕ್ಕೆ ಏನಾಯಿತೋ, ಮೊದಲು ಜರಿಗಿಡ, ಆಮೇಲೆ ಬಳ್ಳಿ, ಒಂದೊಂದೇ ಸುಟ್ಟ ಹಾಗೆ ಕಂದಾದವು.

ಗಾಸ್ಪಾರ್ ಅಂಗಡಿಯವರ ಸಂಘದ ಅಧ್ಯಕ್ಷ. ಸೋಮವಾರ ಪುರಸಭೆಗೆ ಹೋಗಿ ಈ ತೋಟಗಾರನನ್ನು ಬದಲಿಸಿ ಎಂದು ಹೇಳಿಬರುವುದೆಂದು ನಿಶ್ಚಯವಾಗಿತ್ತು. ಈ ಗೋಡೆ ಕೈತಪ್ಪಿದರೆ ಲೊಯಿಕ್‌ಗೆ ಊರಲ್ಲಿ ಬೇರೆ ಕೆಲಸವಿರಲಿಲ್ಲ.

ಅವನು ಕೆಳಗಿಳಿದ. ಯಾರ ಜೊತೆಯೂ ಮಾತಾಡದೆ ಗೋಡೆಯ ಬುಡದ ಉದ್ದನೆಯ ತೊಟ್ಟಿಯ ಬಳಿ ಮಂಡಿಯೂರಿ ಬೆರಳದ್ದಿದ. ನಾಲಿಗೆಗೆ ಹಚ್ಚಿಕೊಂಡ.

"ಉಪ್ಪು," ಎಂದ.

"ಏನಂದೆ?"

"ತೊಟ್ಟಿ ನೀರು ಉಪ್ಪಾಗಿದೆ ಮುಸ್ಯೋ ಗಾಸ್ಪಾರ್. ಪಂಪು ಇದನ್ನೇ ಮೇಲಕ್ಕೆ ಎತ್ತುತ್ತೆ. ಗಿಡಕ್ಕಿಳಿದು ಮಿಕ್ಕಿದ್ದು ವಾಪಸ್ ಇಲ್ಲಿಗೇ ಬರುತ್ತೆ. ಅದೇ ನೀರು ಸುತ್ತುತ್ತಾ ಇರುತ್ತೆ."

ಓದೆತ್‌ಳ ಕೈಯಲ್ಲಿದ್ದ ಸಿಂಪಿ ಚಾಕು ಅಲ್ಲೇ ನಿಂತಿತು.

ಸಿಂಪಿಗಳು ತಾಜಾ ಇರಲೆಂದು ಅವಳು ದಿನವೂ ಸಮುದ್ರದ ನೀರು ಸೇರುವ ಊರಿನ ಉಪ್ಪುಕೊಳದಿಂದ ನೀರು ತುಂಬಿಸಿ ತರುತ್ತಿದ್ದಳು. ಮಿಕ್ಕಿದ್ದನ್ನು ಒಳಗಿನ ಮೋರಿಗೆ ಚೆಲ್ಲಬೇಕೆಂಬುದು ಪುರಸಭೆಯ ನಿಯಮ. ಆದರೆ ಅದು ಬರೀ ನೀರೇ? ಗಂಟಲು ನೋವಿಗೆ ಅವಳ ತಾಯಿ ಮುಕ್ಕಳಿಸುತ್ತಿದ್ದದ್ದು ಆ ನೀರನ್ನೇ, ಕೂಸಾಗಿದ್ದ ಅವಳ ಮೈ ತೊಳೆದದ್ದೂ ಅದರಲ್ಲೇ. ಬಿಸಿಲೇರಿದಾಗ ಗೋಡೆ ಬಾಯಾರಿದ ಹಾಗೆ ಕಂಡಿತು. ಒಂದು ಬಕೆಟ್ ತೊಟ್ಟಿಗೆ ಹೊಯ್ದಳು. ಎಲೆ ಬಾಡಿತು. ಅಯ್ಯೋ, ಸಾಲಲಿಲ್ಲವೇನೋ ಎಂದು ಇನ್ನೊಂದು ಹೊಯ್ದಳು. ಬಾಡಿದಷ್ಟೂ ಹೊಯ್ದಳು. ಪಕ್ಕದ ಮನೆಯ ಬೆಕ್ಕಿಗೆ ಗುಟ್ಟಾಗಿ ಹಾಲಿಡುವವರ ಹಾಗೆ, ಯಾರೂ ನೋಡದಾಗ.

"ಉಪ್ಪಂತೆ!" ಎಂದ ಗಾಸ್ಪಾರ್. "ಕೆಲಸ ಬಾರದವನಿಗೆ ಸಮುದ್ರವೇ ಅಡ್ಡ ಬಂತು. ಯಾರು ಹಾಕಿದ್ರಪ್ಪಾ, ಹೇಳು?"

ಲೊಯಿಕ್‌ನ ಕಣ್ಣು ಮೇಜಿನ ಕೆಳಗಿನ ಬಕೆಟ್ಟಿನ ಮೇಲೆ ಬಿತ್ತು. ಅದರ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಅಲ್ಲಿಂದ ಅವನು ಓದೆತ್‌ಳ ಮುಖ ನೋಡಿದ. ಅವನಿಗೆ ತಿಳಿದದ್ದು ಅವಳಿಗೂ ತಿಳಿಯಿತು.

"ಗೊತ್ತಿಲ್ಲ," ಎಂದ. "ನಾನೇ ಮುಂಚೆ ನೋಡ್ಬೇಕಿತ್ತು. ತಪ್ಪು ನಂದೇ."

"ಕೇಳಿದ್ರಾ? ಅವನೇ ಒಪ್ಕೊಂಡ!"

ಓದೆತ್‌ಳ ಕಿವಿ ಬಿಸಿಯಾದವು. ಅವನು ರೇಗಿದ್ದರೆ ಎರಡು ಪಟ್ಟು ರೇಗಬಹುದಿತ್ತು, ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಮಾರುಕಟ್ಟೆಯಲ್ಲೇ ಇರಲಿಲ್ಲ. ಆ ಹುಡುಗ ಅದಕ್ಕೂ ಎಡೆ ಕೊಡಲಿಲ್ಲ. ತಿಂಗಳಿಂದ ಅವನ ಮೇಲೆ ತಾನು ಎಸೆದ ಒಂದೊಂದು ಮಾತೂ ನೆನಪಾಗಿ, ಅವಳು ಏಪ್ರನ್ನಿನ ಅಂಚನ್ನು ಮುದುಡಿ ಹಿಡಿದಳು.

"ಗಾಸ್ಪಾರ್, ಬಾಯ್ಮುಚ್ಚು. ಅದು ನಾನು."

"ಏನು ನೀನು?"

"ಸಿಂಪಿ ನೀರು. ದಿನಾ ನಾನೇ ಹುಯ್ತಿದ್ದೆ. ಬಾಯಾರಿದೆ ಅಂದ್ಕೊಂಡು."

ಗಾಸ್ಪಾರ್‌ನ ಹೊಟ್ಟೆ ನಗುವಿಗೆ ಕುಲುಕಿತು. "ಹಾಗಾದ್ರೆ ಸಿಂಪಿಗೆ ಹಿಂಡೋ ಹಾಗೆ ಮೇಲೊಂದಿಷ್ಟು ನಿಂಬೆಹಣ್ಣೂ ಹಿಂಡ್ಬೇಕಿತ್ತು ಕಣೇ!"

ಅದೇ ನಗು. ಇಷ್ಟು ಹೊತ್ತು ಮೇಲಕ್ಕೆ, ಆ ಹುಡುಗನತ್ತ ಹೋಗುತ್ತಿದ್ದದ್ದು ಈಗ ಅವಳ ಮೇಲೆ ಬಿತ್ತು. ಅಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ನಗಿ," ಎಂದಳು. "ಸೋಮವಾರ ಹೋಗ್ತೀಯಲ್ಲ ಗಾಸ್ಪಾರ್, ಇದನ್ನೇ ಹೇಳು. ನನ್ನ ಹೆಸರು ಹಿಡಿದು ಹೇಳು."

"ಹುಚ್ಚಾ ನಿಂಗೆ? ನಿನ್ನ ಜಾಗಾನೇ ಕಿತ್ಕೋತಾರೆ."

"ಕಿತ್ಕೊಳ್ಳಲಿ. ನೀನು ಹೇಳ್ದಿದ್ರೆ ನಾನೇ ಹೋಗಿ ಹೇಳ್ತೀನಿ." ಲೊಯಿಕ್‌ನತ್ತ ತಿರುಗಿದಳು, ಮುಖ ನೋಡಲಾಗದೆ ಅವನ ಕೆಸರು ಕೈ ನೋಡಿದಳು. "ಮರಿ... ಗೋಡೆ ಉಳಿಯುತ್ತಾ?"

"ಜರಿಗಿಡ ಹೋಯ್ತು ಮದಾಂ. ಉಳಿದಿದ್ದು ಗೊತ್ತಿಲ್ಲ. ಸಿಹಿನೀರು ಬಿಟ್ಟು ಬೇರು ತೊಳೀಬೇಕು. ನೀವು ಸ್ವಲ್ಪ ಆಚೆ ಸರೀರಿ, ತೊಟ್ಟಿ ಬರಿದು ಮಾಡ್ತೀನಿ."

"ನೀನು ನೀರು ಬಿಡು, ಮರಿ. ನಾನಿಲ್ಲೇ ಇರ್ತೀನಿ."

ಅವನು ಪಂಪು ನಿಲ್ಲಿಸಿ ತೊಟ್ಟಿಯ ಬಿರಡೆ ಕಿತ್ತ. ಕಂದು ಎಲೆಗಳನ್ನು ಹೊತ್ತ ನೀರು ಕಲ್ಲುಹಾಸಿನ ಮೇಲೆ ಧುಮುಕಿ ಮೇಜಿನ ಕೆಳಗೆ ನುಗ್ಗಿತು. ಲೋಟ ಎತ್ತಿ ಹಿಡಿದುಕೊಂಡು ಎಲ್ಲರೂ ಹಿಂದಕ್ಕೆ ಜಿಗಿದರು. ಓದೆತ್‌ಳ ಬಟ್ಟೆಯ ಚಪ್ಪಲಿ ನೆನೆಯಿತು, ಹಿಮ್ಮಡಿಗೆ ಎಲೆ ಅಂಟಿತು. ಅವಳು ಕಾಲು ತೆಗೆಯಲಿಲ್ಲ.