ನಾಲ್ಕನೆಯ ಮೂಲೆ

ಶಾಲೆಯ ಸಭಾಂಗಣದಲ್ಲಿ ಮಕ್ಕಳೆಲ್ಲ ತಾವು ತೆಗೆದ ಫೋಟೋಗಳ ಹತ್ತಿರ ಬೀಗುತ್ತಾ ನಿಂತಿದ್ದರೆ, ಗಡಿಬಿಡಿ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಗೋಡೆಗೂ ಓಡಾಡುತ್ತಿದ್ದಳು. ಗಡಿಬಿಡಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಒಂದು ಕಡೆ ಕೂತ ಹುಡುಗಿಯೇ ಅಲ್ಲ ಅವಳು. ಆದರೆ ಇವತ್ತಿನ ಓಡಾಟದ ಕಾರಣ ಬೇರೆ.

ಆ ಸರ್ಕಾರಿ ಶಾಲೆಗೆ ವಾರಕ್ಕೊಮ್ಮೆ ಒಬ್ಬರು ಮೇಡಂ ಫೋಟೋ ತೆಗೆಯುವುದನ್ನು ಕಲಿಸಲು ಚೀಲದ ತುಂಬ ಕ್ಯಾಮೆರಾ ಹೊತ್ತು ಬರುತ್ತಿದ್ದರು. ಅವರ ಕಟ್ಟಳೆಗಳೇ ವಿಚಿತ್ರ. ತೆಗೆದ ಫೋಟೋಗೆ ಕತ್ತರಿ ಹಾಕುವಂತಿಲ್ಲ, ಕಂಡದ್ದೆಲ್ಲ ಇರಬೇಕು. ತೆಗೆದವರು ಅದರ ಕಥೆ ಹೇಳುವಂತಿಲ್ಲ, ಬೇರೆಯವರು ಕಟ್ಟಿ ಹೇಳಬೇಕು. "ಒತ್ತೋ ಮುಂಚೆ ನಾಲ್ಕೂ ಮೂಲೆ ನೋಡ್ರೋ" ಎಂದು ಪ್ರತಿ ಸಲ ಗಂಟಲು ಹರಿದುಕೊಳ್ಳುತ್ತಿದ್ದರು. ಗಡಿಬಿಡಿಗೆ ಒಂದು ಮೂಲೆ ನೋಡುವ ತಾಳ್ಮೆಯೇ ಇಲ್ಲ, ಇನ್ನು ನಾಲ್ಕೆಲ್ಲಿ ಬಂತು!

ಶಾಲೆಯ ಪಕ್ಕದ ಪಾರ್ಕಿನಲ್ಲಿ, ಬೇಲಿಗಿಡದ ಅಡಿ ಹೊಟ್ಟೆಯ ಮೇಲೆ ಮಲಗಿ, ನೆಲದ ತುಂಬ ಮುತ್ತಿಕೊಂಡಿದ್ದ ಪಾರಿವಾಳಗಳ ಫೋಟೋ ಅವಳು ತೆಗೆದಿದ್ದಳು. ನನ್ನ ಅದೃಷ್ಟವೇ ಅದೃಷ್ಟ ಅಂದುಕೊಂಡಿದ್ದಳು. ನಿನ್ನೆ ಫೋಟೋ ದೊಡ್ಡದಾಗಿ ಗೋಡೆಗೇರಿದ ಮೇಲೆ ಅದರ ಮೇಲ್ಮೂಲೆ ಕಣ್ಣಿಗೆ ಬಿತ್ತು. ಬೆಂಚಿನ ಮೇಲೆ ಅಪ್ಪ. ತೊಡೆಯ ಮೇಲೆ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ. ವಾರದ ನಡುವಿನ ಬೆಳಗು ಅದು, ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿರಬೇಕಾದ ಹೊತ್ತು. ಶಾಲೆ ಬಿಟ್ಟವಳೇ ಪ್ರೆಸ್ಸಿನ ಬೀದಿಗೆ ಓಡಿದಳು. ಷಟರಿನ ಮೇಲೆ ಧೂಳು ಕೂತಿತ್ತು. "ಅದು ಮುಚ್ಚಿ ಎಷ್ಟು ದಿನ ಆಯ್ತಮ್ಮ" ಎಂದ ಪಕ್ಕದ ಜೆರಾಕ್ಸ್ ಅಂಗಡಿಯವನು.

ಅಪ್ಪ ಮಾತ್ರ ದಿನಾ ಇಸ್ತ್ರಿ ಅಂಗಿ ತೊಟ್ಟು, ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುತ್ತಿದ್ದ. ನಿನ್ನೆ ಸಂಜೆ "ನಾಳೆ ನನ್ನ ಫೋಟೋ ನೋಡೋಕೆ ಬರ್ತೀಯಾ?" ಎಂದು ಕೇಳಿದ್ದಕ್ಕೆ, "ರಜೆ ಕೊಡಲ್ಲ ಕಣಮ್ಮ, ಕೈತುಂಬ ಕೆಲಸ" ಎಂದು ತಲೆ ಸವರಿದ್ದ. ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದಿದ್ದವು. ಈಗ ಅಮ್ಮ ಬರುತ್ತಾಳೆ, ನೋಡುತ್ತಾಳೆ. ಅಪ್ಪನ ಗುಟ್ಟು ಮಗಳ ಕೈಯಿಂದಲೇ, ಎಲ್ಲರೆದುರು ರಟ್ಟಾಗುತ್ತದೆ.

"ಇಳಿಸಿಬಿಡಿ ಮೇಡಂ, ಅದು ಚೆನ್ನಾಗಿಲ್ಲ" ಎಂದು ಗೋಗರೆದದ್ದಾಯಿತು. "ಹುಚ್ಚಿ, ಇಲ್ಲಿರೋದ್ರಲ್ಲಿ ಅದೇ ಚೆನ್ನಾಗಿರೋದು" ಎಂದರು ಮೇಡಂ. ಕಾರಣ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಇನ್ನು ಉಳಿದವಳು ಆ ಫೋಟೋಗೆ ಕಥೆ ಹೇಳಬೇಕಿದ್ದ ಗೆಳತಿ ಮಾತಿನಮಲ್ಲಿ.

"ಆ ಮೂಲೆಗೆ ಅಡ್ಡ ನಿಂತ್ಕೊಳೇ. ಪಾರಿವಾಳದ್ದು ಮಾತ್ರ ಹೇಳು."

"ಯಾಕೆ?"

"ಯಾಕೆ ಅಂತ ಕೇಳಿದ್ರೆ ಟೂ ಬಿಡ್ತೀನಿ."

ಮಾತಿನಮಲ್ಲಿ ಸ್ಟೂಲಿನ ಮೇಲೆ ಹತ್ತಿ ಅಡ್ಡ ನಿಂತಳು. ಆದರೆ ಬಾಯಿ ತೆರೆದರೆ ಅವಳ ಕೈ, ತಲೆ, ಜಡೆ ಯಾವುದೂ ಇದ್ದ ಕಡೆ ಇರುವುದಿಲ್ಲ.

ಅಮ್ಮ ಬಂದಳು. ಗಡಿಬಿಡಿ ಅವಳನ್ನು ಎಳೆದುಕೊಂಡು ಆ ಗೋಡೆ, ಈ ಗೋಡೆ ಎಂದು ಸುತ್ತಿಸಿದಳು. ಕೊನೆಗೆ ಅಮ್ಮ ಕೈ ಕೊಡವಿದಳು. "ಹೊಲಿಗೆ ಬಿಟ್ಟು ಬಂದಿರೋದು ಬೇರೆಯವರ ಮಕ್ಕಳ ಫೋಟೋ ನೋಡೋಕಾ? ನಿಂದೆಲ್ಲೇ?"

ಅಷ್ಟರಲ್ಲಿ ಮಾತಿನಮಲ್ಲಿಗೆ ಕಥೆಯ ಆವೇಶ ಬಂದಿತ್ತು. "ಈ ಪಾರಿವಾಳಗಳಿಗೆಲ್ಲ ಒಬ್ಬ ರಾಜ!" ಎಂದು ಸ್ಟೂಲಿನಿಂದ ಧುಮುಕಿ, ಕೈ ಬೀಸಿ ಆ ಮೂಲೆಯನ್ನೇ ತೋರಿಸಿದಳು. "ದಿನಾ ಬರ್ತಾನೆ. ತನ್ನ ಊಟಾನೆಲ್ಲ ಇವಕ್ಕೇ ಹಾಕಿಬಿಡ್ತಾನೆ!"

ಗಡಿಬಿಡಿ ಆಗ ಸರಿಯಾಗಿ ನೋಡಿದಳು. ಅಪ್ಪನ ಕೈ ಮುಂದೆ ಚಾಚಿತ್ತು. ಬೆರಳುಗಳಿಂದ ಅಗುಳು ಉದುರುತ್ತಿತ್ತು. ಪಾರಿವಾಳಗಳು ಅವಳ ಅದೃಷ್ಟಕ್ಕೆ ಬಂದವಲ್ಲ, ಅಪ್ಪನಿಗೆ ಸೇರದ ಊಟಕ್ಕೆ ಬಂದವು.

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅಮ್ಮ ತಟ್ಟಲಿಲ್ಲ. "ದಿನಾ ಡಬ್ಬಿ ಖಾಲಿ ಬರ್ತಿತ್ತು" ಎಂದಳು ಮೆಲ್ಲಗೆ. "ಚೆನ್ನಾಗಿತ್ತು ಅಂತಿದ್ರು."

"ಪ್ರೆಸ್ ಮುಚ್ಚಿದೆಯಂತೆ, ಅಮ್ಮ."

ಅಮ್ಮ ಸರಸರನೆ ಹೊರಗೆ ನಡೆದಳು. ಮುಗೀತು ಕಥೆ, ಇನ್ನು ರಂಪವೇ ಎಂದುಕೊಂಡು ಗಡಿಬಿಡಿ ಬೆನ್ನ ಹಿಂದೆ ಓಡಿದಳು.

ಪಾರ್ಕಿನಲ್ಲಿ ಅಪ್ಪ ಅದೇ ಬೆಂಚಿನ ಮೇಲಿದ್ದ. ಇವರನ್ನು ಕಂಡವನೇ ಡಬ್ಬಿ ಮುಚ್ಚಿ ಎದ್ದುನಿಂತ. "ಇವತ್ತು... ಸ್ವಲ್ಪ ಬೇಗ ಬಿಟ್ರು..."

"ಕೂತ್ಕೊಳ್ಳಿ" ಎಂದು ಅಮ್ಮ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದಳು. ಕೈಯಿಟ್ಟ ಗುರುತೂ ಇರಲಿಲ್ಲ. "ತಿನ್ನಿ."

"ಗಂಟಲಲ್ಲಿ ಇಳಿಯಲ್ಲ ಕಣೇ."

"ಒಬ್ಬರೇ ಕೂತು ತಿಂದ್ರೆ ಹೇಗೆ ಇಳಿಯುತ್ತೆ? ಬಯ್ಯೋದು ಮನೆಗೆ ಹೋದ್ಮೇಲಿದೆ, ತಪ್ಪಿಸ್ಕೊಳ್ಳೋಕಾಗಲ್ಲ. ಈಗ ಬೇಗ ಮುಗಿಸಿ. ಮಗಳ ಫೋಟೋ ನೋಡ್ಬೇಕು. ನೀವೂ ಇದ್ದೀರಿ ಅದರಲ್ಲಿ."

ಅಪ್ಪ ಮಗಳ ಮುಖ ನೋಡಿದ. ನೋಡಿ, ತಲೆ ತಗ್ಗಿಸಿದ. ಗಡಿಬಿಡಿ ಹೋಗಿ ಅವನಿಗೆ ಅಂಟಿಕೊಂಡು ಕೂತಳು, ಅಲುಗಾಡದೆ. ಅಮ್ಮ ಮೊದಲ ತುತ್ತು ತಾನು ತಿಂದು, ಎರಡನೆಯದನ್ನು ಅವನ ಬಾಯಿಗಿಟ್ಟಳು.

ಪಾರಿವಾಳಗಳು ಬಂದು ಕಾಲ ಬಳಿ ಮುತ್ತಿಕೊಂಡವು. ಅವತ್ತು ಅವಕ್ಕೆ ಏನೂ ಸಿಗಲಿಲ್ಲ.